ಟೀಚರ್ ಕಳಿಸದ ಕೋಣ

ಮೊನ್ನೆ ದೋಸೆಗೆ ರುಬ್ಬುತ್ತಿದ್ದಾಗ ಮಿಕ್ಸಿಯ ಮೋಟರು ಬಿಸಿಯಾಯಿತು. ಪಕ್ಕದ ಒಲೆಯಲ್ಲಿ ಸೊಸೆ ಕೊತ್ತಂಬರಿ ಹುರಿಯುತ್ತಿದ್ದಳು. ಕಾದ ಪ್ಲಾಸ್ಟಿಕ್ಕಿನ ವಾಸನೆ, ಹುರಿದ ಕೊತ್ತಂಬರಿಯ ವಾಸನೆ ಎರಡೂ ಸೇರಿ ಮೂಗಿಗೆ ಹೊಡೆದಾಗ ನಾನು ಮಿಕ್ಸಿ ಆರಿಸಿ ನಿಂತುಬಿಟ್ಟೆ. “ಎಂತಾಯ್ತು ಅತ್ತೆ, ಸುಟ್ಟುಹೋಯ್ತಾ?” ಎಂದು ಸೊಸೆ ಕೇಳಿದಳು. ಸುಟ್ಟಿರಲಿಲ್ಲ. ಆ ವಾಸನೆ ನನಗೆ ಗುರುತಿನದು. ಎದುರು ಮನೆಯ ಟೀಚರ ಮನೆಯಲ್ಲಿ ಮಧ್ಯಾಹ್ನದ ಹೊತ್ತು ಹಾಗೆಯೇ ಇರುತ್ತಿತ್ತು...

ಮಲಾಡಿನ ಈ ಬಿಲ್ಡಿಂಗಿನಲ್ಲಿ ನಮ್ಮ ಬಾಗಿಲು ತೆರೆದರೆ ಅವರ ಬಾಗಿಲು. ಒಳಗೆ ಅಪ್ಪ, ಮಗಳು ಇಬ್ಬರೇ. ಮೈಸೂರು ಕಡೆಯವರು. ಅಪ್ಪನಿಗೆ ಬ್ಯಾಂಕಿನ ಕೆಲಸ, ನಿವೃತ್ತಿ ಹತ್ತಿರ ಬಂದಿತ್ತು. ಮಗಳು ಮನೆಯಲ್ಲೇ ಮಕ್ಕಳಿಗೆ ಲೆಕ್ಕ, ವಿಜ್ಞಾನ ಹೇಳಿಕೊಡುತ್ತಿದ್ದಳು. ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಇಡೀ ಬಿಲ್ಡಿಂಗಿಗೆ ಅವಳು ಟೀಚರ್, ನನಗೂ ಟೀಚರೇ. ಅವಳ ತಾಯಿ ಮಂಚ ಹಿಡಿದು ಬಹಳ ವರ್ಷ ಮಲಗಿದ್ದರು. ಎತ್ತಿ ಕೂರಿಸಿ, ಒರೆಸಿ, ಉಣಿಸಿ ನೋಡಿಕೊಂಡವಳು ಇವಳೇ. ತಾಯಿ ಹೋದ ಮೇಲೆ ಬಿಲ್ಡಿಂಗಿನ ಹೆಂಗಸರೆಲ್ಲ ಪಾಪ ಪಾಪ ಎಂದರು. ನಾನು ಹೇಳಲಿಲ್ಲ. ಪಾಪ ಎಂದರೆ ಯಾರ ಮನೆಯ ಕುಕ್ಕರೂ ಕೂಗುವುದಿಲ್ಲ.

ಒಂದು ಮಧ್ಯಾಹ್ನ ಮೊಸರಿಗೆ ಹೆಪ್ಪು ಕೇಳಲು ಹೋದೆ. ಬಾಗಿಲು ತೆರೆದೇ ಇತ್ತು. ಟೀಚರ್ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕೈಯಲ್ಲಿ ಅಗಲದ ಒಂದು ಯಂತ್ರ, ಅದರ ಬಾಲ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿತ್ತು. ಅದು ಕಾದ ವಾಸನೆಗೆ ಒಳಗೆ ಸಾರಿಗೆ ಹುರಿದಿಟ್ಟ ಕೊತ್ತಂಬರಿಯ ವಾಸನೆ ಸೇರಿತ್ತು. ನಾನು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಹತ್ತಿರ ಹೋಗಿ ಬಗ್ಗಿ ನೋಡಿದರೆ ಗಾಜಿನೊಳಗೆ ನಾಲ್ಕು ಪ್ರಾಣಿಗಳು, ಈ ಕಡೆ ಎರಡು, ಆ ಕಡೆ ಎರಡು, ಎದುರುಬದುರು ನಿಂತಿದ್ದವು. ಒಂದಕ್ಕೆ ಕೊಂಬಿನ ತುದಿಯಲ್ಲಿ ಬೆಂಕಿ. ಇನ್ನೊಂದು ಸುವರ್ಣಗೆಡ್ಡೆಗೆ ಕಾಲು ಬಂದಂತೆ ಇತ್ತು.

“ಎಂತ ಮಾರಾಯ್ತಿ ಇದು?” ಎಂದೆ.

ಅವಳು ಬೆಚ್ಚಿ, “ಅಯ್ಯೋ ಅಜ್ಜಿ! ಒಂದು ನಿಮಿಷ, ಒಂದೇ ನಿಮಿಷ” ಎಂದು ಬೆರಳು ಒತ್ತುತ್ತಲೇ ಇದ್ದಳು. ಕೊನೆಗೆ, “ಹೋಯ್ತು!” ಎಂದು ಯಂತ್ರವನ್ನು ಮಡಿಲಿಗೆ ಹಾಕಿಕೊಂಡಳು. “ನೀವು ಮಾತಾಡಿಸಿದ್ದಕ್ಕೆ ಸೋತೆ.”

“ನಾನು ಹೆಪ್ಪು ಕೇಳ್ಲಿಕ್ಕೆ ಬಂದದ್ದು. ನಿನ್ನ ಸೋಲು ನನಗೆ ಬೇಡ.”

ಅವಳು ನಕ್ಕಳು. ನಾನು ಹೆಪ್ಪು ತೆಗೆದುಕೊಂಡು ಬರಲಿಲ್ಲ, ಅಲ್ಲೇ ಕೂತೆ. ನನಗೆ ಮೊದಲಿನಿಂದಲೂ ಹಾಗೆ, ಏನು ನಡೆಯುತ್ತಿದೆ ಎಂದು ತಿಳಿಯದಿದ್ದರೆ ಊಟ ಸೇರುವುದಿಲ್ಲ. ಊರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಬಿಡಿಸಿದರು, ಅದಕ್ಕಾಗಿ ಅಳಲಿಲ್ಲ. ಆದರೆ ಕೇಳುವುದನ್ನು ಬಿಡಿಸಲು ಯಾರಿಂದಲೂ ಆಗಲಿಲ್ಲ.

ಆಮೇಲೆ ದಿನಾ ಹೋದೆ. ಸೊಸೆ ಆಫೀಸಿಗೆ, ಮೊಮ್ಮಗಳು ಶಾಲೆಗೆ ಹೋದ ಮೇಲೆ ನನಗೂ ಬೇರೆ ಕೆಲಸ ಇರಲಿಲ್ಲ. ಟ್ಯೂಷನ್ನಿನ ಮಕ್ಕಳು ಬರುವವರೆಗೆ ಟೀಚರಿಗೂ ಬಿಡುವು. ಅವಳು ಆಡುವಳು, ನಾನು ಬಟಾಣಿ ಸುಲಿಯುತ್ತ ಕೇಳುವೆ. ತಾಯಿ ಮಲಗಿದ್ದ ವರ್ಷಗಳಲ್ಲಿ ಮಂಚದ ಪಕ್ಕ ಕೂತು ಕೂತು ಈ ಆಟ ಕಲಿತಳಂತೆ. ಈಗ ಎಲ್ಲೆಲ್ಲಿಯದೋ ಜನರ ಜೊತೆ ಆಡುತ್ತಿದ್ದಳು, ಮುಖ ನೋಡದೆ, ಹೆಸರು ತಿಳಿಯದೆ.

ಆಟ ಹೀಗೆ. ನಿನ್ನ ಹತ್ತಿರ ಆರು ಪ್ರಾಣಿಗಳ ಒಂದು ಕಟ್ಟು ಇರುತ್ತದೆ. ಎದುರಿನವರ ಹತ್ತಿರವೂ ಆರು. ಒಬ್ಬರ ಆರನ್ನು ಇನ್ನೊಬ್ಬರು ನೋಡುತ್ತಾರೆ. ಆಮೇಲೆ ಇಬ್ಬರೂ ತಮ್ಮ ಆರರಲ್ಲಿ ನಾಲ್ಕನ್ನು ಗುಟ್ಟಾಗಿ ಆರಿಸುತ್ತಾರೆ. ಎರಡೆರಡು ಎದುರಿಗೆ ಬರುತ್ತವೆ, ಮಿಕ್ಕ ಎರಡು ಹೊರಗೆ ಕಾಯುತ್ತವೆ, ಒಂದು ಬಿದ್ದರೆ ಅಥವಾ ಆಡುವವರು ನಡುವೆ ಕರೆದರೆ ಅದರ ಜಾಗಕ್ಕೆ ಬರುತ್ತವೆ. ಬೆಂಕಿಯದನ್ನು ನೀರಿನದು ಹೊಡೆಯುತ್ತದೆ, ನೀರಿನದನ್ನು ಗಿಡದ್ದು, ಗಿಡದ್ದನ್ನು ಬೆಂಕಿಯದು. ಇಷ್ಟು ಮಾತ್ರವಾಗಿದ್ದರೆ ನಾನು ಒಂದೇ ದಿನಕ್ಕೆ ಬಿಟ್ಟು ಬರುತ್ತಿದ್ದೆ. ಕಲ್ಲಿನದು, ಗಾಳಿಯದು, ಮಂಜಿನದು, ವಿಷದ್ದು ಎಂದು ಜಾತಿಗಳು ಎಷ್ಟೋ ಇದ್ದವು. ಜಾತಿ ಎಂದೇ ನಾನು ಕರೆಯುತ್ತಿದ್ದೆ, ಅವಳು ಮುಖ ಕಿವುಚುತ್ತಿದ್ದಳು.

“ನಾಲ್ಕೇ ಆಡುದಾದ್ರೆ ಆರು ಯಾಕೆ?” ಎಂದು ಕೇಳಿದೆ.

“ಯಾವ ನಾಲ್ಕು ಬರುತ್ತೆ ಅಂತ ಅವರಿಗೆ ಗೊತ್ತಾಗಬಾರದು ಅಜ್ಜಿ. ಕೆಲವು ಸಲ ಒಂದು ಸುಮ್ನೆ ಪಟ್ಟಿಯಲ್ಲಿ ಇದ್ರೂ ಸಾಕು. ಅದನ್ನ ನೋಡಿ ಅವರು ಹೆದರ್ತಾರೆ.”

ಇದು ನನಗೆ ಕೂಡಲೇ ಅರ್ಥವಾಯಿತು. ನನ್ನ ಗಂಡನ ಹೋಟೆಲು ಕುರ್ಲಾ ಸ್ಟೇಷನ್ನಿನ ಹತ್ತಿರ ಇತ್ತು. ಅಲ್ಲಿ ಒಬ್ಬ ಮೈದುನ ಗಲ್ಲಾದ ಪಕ್ಕ ಮೀಸೆ ತಿರುವುತ್ತ ನಿಂತಿರುತ್ತಿದ್ದ. ಒಂದು ಲೋಟ ಎತ್ತಿಟ್ಟವನಲ್ಲ. ಆದರೆ ಅವನು ನಿಂತಿರುವಾಗ ಯಾವ ಗಿರಾಕಿಯೂ ಜಗಳ ತೆಗೆಯುತ್ತಿರಲಿಲ್ಲ. ಅವನಿಗೆ ಮೂರು ಹೊತ್ತು ಊಟ ಹಾಕುವುದು ದಂಡ ಎಂದು ನಾನು ಬೈಯುತ್ತಿದ್ದೆ. ಟೀಚರ್ ಈ ಮಾತು ಕೇಳಿ ಅವನ ಮೀಸೆ ಹೇಗಿತ್ತು ಎಂದು ಕೇಳಿ ಕೇಳಿ ನಕ್ಕಳು.

ಒಮ್ಮೆ ನಾನು, “ಎಲ್ಲಕ್ಕಿಂತ ಜೋರು ಹೊಡೆಯುವ ಆರನ್ನು ಹಾಕಿಬಿಡು, ಮಂಡೆಬಿಸಿ ಯಾಕೆ?” ಎಂದೆ. ಅವಳು ವಾದಿಸಲಿಲ್ಲ. “ನೀವೇ ಆರಿಸಿ” ಎಂದು ಯಂತ್ರ ನನ್ನ ಮುಂದೆ ಹಿಡಿದಳು. ನಾನು ಕೊಂಬು, ಹಲ್ಲು, ಉಗುರು ನೋಡಿ ಆರನ್ನು ತೋರಿಸಿದೆ. ಎಲ್ಲವೂ ಮಾರಿಯಂತೆ ಇದ್ದವು. ನನಗೆ ಬಹಳ ಹೆಮ್ಮೆಯಾಯಿತು. ಅವಳು ಆಟಕ್ಕೆ ಇಳಿಸಿದಳು. ಎದುರಿನವನು ಕೋಳಿಮರಿಯಷ್ಟೇ ಇದ್ದ ಒಂದು ನೀಲಿ ಪ್ರಾಣಿಯನ್ನು ಕಳಿಸಿದ. ಅದು ಮಂಜು ಊದಿತು. ನನ್ನ ಎರಡು ಮಾರಿಗಳೂ ಅಡ್ಡಬಿದ್ದವು. ಹಿಂದೆ ಬಂದ ಎರಡೂ ಅದೇ ಮಂಜಿಗೆ ಬಿದ್ದವು. ನನ್ನ ಬಟಾಣಿ ಅರ್ಧವೂ ಸುಲಿದಾಗಿರಲಿಲ್ಲ, ಆಟ ಮುಗಿದಿತ್ತು.

“ಅವು ನಾಲ್ಕಕ್ಕೂ ಮಂಜು ಅಂದ್ರೆ ಆಗಲ್ಲ ಅಜ್ಜಿ,” ಎಂದಳು. “ಒಂದೊಂದೇ ನೋಡಿದ್ರೆ ಎಲ್ಲ ಸ್ಟ್ರಾಂಗ್. ಆದ್ರೆ ಒಂದಕ್ಕೆ ಬಂದದ್ದು ಎಲ್ಲಕ್ಕೂ ಬರುತ್ತೆ.”

“ಓ... ಸೂತಕ!” ಎಂದೆ.

ಇಲ್ಲಿ ಸೂತಕ ಎಲ್ಲಿಂದ ಬಂತೆಂದು ಅವಳಿಗೆ ತಿಳಿಯಲಿಲ್ಲ. ಆಗ ನಾನು ಹೋಟೆಲಿನ ಕತೆ ಹೇಳಿದೆ. ನನ್ನ ಗಂಡ ಅಡುಗೆಗೆ ಇಟ್ಟುಕೊಂಡವರೆಲ್ಲ ದಾಯಾದಿಗಳು. ದೋಸೆಗೆ ಚಿಕ್ಕಪ್ಪನ ಮಗ, ಸಾಂಬಾರಿಗೆ ದೊಡ್ಡಪ್ಪನ ಮಗ, ಇಡ್ಲಿಗೆ ಸ್ವಂತ ತಮ್ಮ. ಹೊರಗಿನವರನ್ನು ನಂಬುವುದಿಲ್ಲ ಎಂಬ ಹಟ. ಕೈ ಎಲ್ಲರದೂ ಒಳ್ಳೆಯದೇ. ಒಂದು ಬೆಳಿಗ್ಗೆ ಊರಿನಿಂದ ಸುದ್ದಿ ಬಂತು, ಕುಟುಂಬದ ಹಿರಿಯಜ್ಜ ಹೋದರೆಂದು. ಆ ಅಜ್ಜನ ಮುಖವನ್ನು ಇವರಲ್ಲಿ ಅರ್ಧ ಜನ ನೋಡಿಯೇ ಇರಲಿಲ್ಲ. ಆದರೂ ಎಲ್ಲರಿಗೂ ಹತ್ತು ದಿನ ಸೂತಕ, ಒಲೆ ಮುಟ್ಟುವ ಹಾಗಿಲ್ಲ. ಹಬೆಯಲ್ಲಿ ಇಡ್ಲಿ ಬೇಯುತ್ತಿತ್ತು, ಹೊರಗೆ ಗಿರಾಕಿ ಕೂತಿದ್ದರು, ಒಳಗೆ ಒಬ್ಬೊಬ್ಬರೇ ಕೈಬಿಟ್ಟು ಸ್ನಾನಕ್ಕೆ ಹೊರಟರು. ಸೂತಕ ಇಲ್ಲದವನು ಕಪ್ಪು ಬಸಿ ತೊಳೆಯುವ ಗೋರಖಪುರದವನು ಒಬ್ಬನೇ. ಅವನಿಗೆ ಚಹಾ ಬಿಟ್ಟು ಬೇರೇನೂ ಬಾರದು. ರುಬ್ಬಿಟ್ಟ ಹಿಟ್ಟು ಉಕ್ಕಿ ನೆಲಕ್ಕೆ ಹರಿಯಿತು. ಬಾಗಿಲು ಹಾಕಿದೆವು. ಗಿರಾಕಿಗಳು ರಸ್ತೆ ದಾಟಿ ಎದುರಿನ ಹೋಟೆಲಿಗೆ ಹೋದರು, ಎಷ್ಟೋ ಮಂದಿ ತಿರುಗಿ ಬರಲಿಲ್ಲ.

ಟೀಚರ್ ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಅಂದಿನಿಂದ ಅದು ನಮ್ಮಿಬ್ಬರ ಮಾತಾಯಿತು. ಹೊಸದೊಂದನ್ನು ಕಟ್ಟಿಗೆ ಸೇರಿಸುವಾಗ ಅವಳೇ, “ಅಜ್ಜಿ, ಇದಕ್ಕೂ ಏಡಿಗೂ ಸೂತಕ ಇದೆ, ಬೇಡ” ಎನ್ನುತ್ತಿದ್ದಳು. ಏಡಿ ಎಂದರೆ ಕಲ್ಲಿನ ಮೈಯ ಒಂದು ಪ್ರಾಣಿ, ಎಷ್ಟು ಹೊಡೆದರೂ ಬೀಳುತ್ತಿರಲಿಲ್ಲ. ಆಟದಲ್ಲಿ ಅವಕ್ಕೆ ಬೇರೆ ಏನೇನೋ ಹೆಸರು ಇತ್ತು, ನನ್ನ ನಾಲಿಗೆಗೆ ಬರಲಿಲ್ಲ. ಸುವರ್ಣಗೆಡ್ಡೆಯ ಕೆಲಸ ಇನ್ನೂ ವಿಚಿತ್ರ. ಅದು ಯಾರನ್ನೂ ಹೊಡೆಯುವುದಿಲ್ಲ. ಜೊತೆಯವನಿಗೆ ಬರುವ ಏಟನ್ನೆಲ್ಲ ತನ್ನ ಮೇಲೆ ಎಳೆದುಕೊಳ್ಳುತ್ತದೆ, ಅಷ್ಟೇ. ಇಂಥದ್ದು ಪ್ರತಿ ಮನೆಯಲ್ಲೂ ಒಂದು ಇರುತ್ತದೆ, ಹೆಚ್ಚಾಗಿ ಸೀರೆ ಉಟ್ಟಿರುತ್ತದೆ ಎಂದೆ. ಅವಳು ಆ ಮಾತಿಗೆ ನಗಲಿಲ್ಲ.

ಕೊಂಬಿನ ತುದಿಗೆ ಬೆಂಕಿ ಇದ್ದದ್ದು ಕೋಣ. ಅದು ನನಗೆ ಇಷ್ಟ. ಅದರ ಏಟು ಬಿತ್ತೆಂದರೆ ಎದುರಿನದು ಉಳಿಯುವುದು ಕಷ್ಟ. ಆದರೆ ಅದರ ಮೈ ಮೆದು, ಒಂದು ಸರಿಯಾದ ಪೆಟ್ಟಿಗೆ ಅದೂ ಬೀಳುತ್ತದೆ. ನಿಧಾನ ಬೇರೆ. ಅದಕ್ಕೂ ಒಂದು ಉಪಾಯ ಇತ್ತು. ಟೀಚರ ಹಕ್ಕಿಯೊಂದು ರೆಕ್ಕೆ ಬಡಿದರೆ ಸ್ವಲ್ಪ ಹೊತ್ತು ಎಲ್ಲ ತಲೆಕೆಳಗು, ನಿಧಾನದವರಿಗೆ ಮೊದಲ ಸರದಿ, ಓಡುವವರಿಗೆ ಕೊನೆಯದು. ಅಂಧೇರಿ ಸ್ಟೇಷನ್ನಿನಲ್ಲಿ ಅಂಥ ಹಕ್ಕಿ ಒಂದನ್ನು ಸಾಕಬೇಕು ಎಂದು ನಾನು ಹೇಳಿದೆ.

ಹೀಗೆ ನಡೆಯುತ್ತಿರುವಾಗ ಅವಳ ಅಪ್ಪನಿಗೆ ನಿವೃತ್ತಿಯಾಯಿತು. ಅವರು ಮನೆ ಮಾರಿ ಮೈಸೂರಿಗೆ, ತಮ್ಮನ ಮನೆಯ ಹತ್ತಿರ ಹೋಗಿ ಇರುವುದೆಂದು ನಿಶ್ಚಯ ಮಾಡಿದರು. ಒಂದು ಸಂಜೆ ನಾನು ಪತ್ರೊಡೆ ಕೊಡಲು ಹೋದಾಗ ತಂದೆ ಮಗಳ ಮಾತು ನಡೆಯುತ್ತಿತ್ತು. ತಿರುಗಿ ಬರಬಹುದಿತ್ತು, ಬರಲಿಲ್ಲ.

“ನಾನು ಇಲ್ಲೇ ರೂಮು ಮಾಡ್ಕೊಂಡು ಇರ್ತೀನಿ ಅಪ್ಪ,” ಎನ್ನುತ್ತಿದ್ದಳು ಟೀಚರ್.

“ಒಂಟಿ ಹುಡುಗಿಗೆ ಯಾವ ಸೊಸೈಟಿಯವರು ರೂಮು ಕೊಡ್ತಾರಮ್ಮ? ಟ್ಯೂಷನ್ ಮಕ್ಕಳು ಎಲ್ಲಿ ಬಂದು ಕೂರ್ತಾರೆ? ಅಲ್ಲೂ ಮಕ್ಕಳಿದ್ದಾರೆ, ಅಲ್ಲೂ ಲೆಕ್ಕ ಇದೆ.”

“ಇಲ್ಲಿ ನಾನು ಟೀಚರ್. ಅಲ್ಲಿಗೆ ಹೋದ್ರೆ ನಾನು ನಿಮ್ಮ ಮಗಳು.”

ಅವರು, “ಏನಿದೆ ಇಲ್ಲಿ? ಆ ಆಟವಾ? ಇಷ್ಟು ವರ್ಷ ಆಡಿದೀಯಲ್ಲ, ಒಂದು ಕಡೆ ಹೋಗಿ ಗೆದ್ದು ಬಂದಿದೀಯಾ?” ಎಂದರು. ಕೆಟ್ಟ ಮನುಷ್ಯ ಅಲ್ಲ. ಬಾಯಿಗೆ ಬಂತು, ಹೇಳಿದರು.

ಟೀಚರ್ ಅದನ್ನೇ ಹಿಡಿದುಕೊಂಡಳು. ಮುಂದಿನ ತಿಂಗಳು ಅಂಧೇರಿಯಲ್ಲಿ ಪಂದ್ಯ ಇತ್ತು. ಮೊದಲ ಎಂಟರೊಳಗೆ ಬಂದವರನ್ನು ದಿಲ್ಲಿಗೆ ಕಳಿಸುತ್ತಾರೆ. “ಎಂಟರೊಳಗೆ ಬಂದ್ರೆ ಮನೆ ಮಾರಬಾರದು. ಬರದೆ ಇದ್ರೆ ನಾನು ಬಾಯಿ ಮುಚ್ಚಿಕೊಂಡು ಮೈಸೂರಿಗೆ ಬರ್ತೀನಿ. ಆಯ್ತಾ?” ಎಂದಳು.

ಅವರು ನನ್ನ ಕಡೆ ನೋಡಿದರು. “ನೋಡಿ ಅಮ್ಮ, ಮನೆ ಮಾರೋದು ಬಿಡೋದು ಗೊಂಬೆಗಳ ಜಗಳದ ಮೇಲೆ ನಿಂತಿದೆ.”

“ಹೂಂ ಅನ್ನಿ ಮಾರಾಯ್ರೇ,” ಎಂದೆ. “ಇಲ್ಲದಿದ್ರೆ ಇವತ್ತು ನಿಮಗೆ ಊಟ ಇಲ್ಲ.” ಅವರು ಹೂಂ ಎಂದರು.

ಆ ತಿಂಗಳು ಅವಳ ಮನೆಯಲ್ಲಿ ಬೇರೆ ಮಾತಿಲ್ಲ. ಐದು ಗಟ್ಟಿಯಾಗಿದ್ದವು. ಏಡಿ, ಸುವರ್ಣಗೆಡ್ಡೆ, ಹಕ್ಕಿ, ಕೋಣ, ನೀರುನಾಯಿ. ಆರನೆಯದು ಯಾರು ಎನ್ನುವುದೇ ಚಿಂತೆ. ಮೊದಲು ಬೆಂಕಿಯ ಹುಂಜ ಒಂದು ಇತ್ತು, ಕೋಣದಷ್ಟೇ ಜೋರು. ಎರಡೂ ಬೆಂಕಿ, ಎರಡಕ್ಕೂ ಒಂದೇ ಸೂತಕ ಎಂದು ತೆಗೆದಳು. ವಿಷದ ಹಲ್ಲಿ ಬಂತು, ಹೋಯಿತು. ಕೊನೆಗೆ ಹತ್ತಿಯ ಮೂಟೆಯಂಥ ಒಂದನ್ನು ತಂದಳು. ಅದು ಜೊತೆಯವರ ಗಾಯ ಮಾಯಿಸುತ್ತದೆ. ನಾನು ಲೆಕ್ಕ ಹಾಕಿದೆ.

“ಹೊಡೆಯುವವ ಒಬ್ಬನೇ ಆದ. ಮಿಕ್ಕವರೆಲ್ಲ ಏಟು ತಿನ್ನುವವರು, ಗಾಳಿ ಹಾಕುವವರು, ಮುಲಾಮು ಹಚ್ಚುವವರು. ಇದೆಂತ ಟೀಚರೇ, ಸೈನ್ಯವಾ, ಆಸ್ಪತ್ರೆಯಾ?”

“ಬ್ಯಾಲೆನ್ಸ್ ಅಜ್ಜಿ. ಯಾರು ಏನು ತಂದ್ರೂ ನನ್ನ ಹತ್ರ ಉತ್ತರ ಇದೆ. ಯಾವ ಸೂತಕವೂ ಇಲ್ಲ.”

ಅದು ನಿಜವೇ. ಆಡಿ ಆಡಿ ತೋರಿಸಿದಳು, ಸೋಲುವುದೇ ಅಪರೂಪ. ಆದರೆ ಪ್ರತಿ ಆಟವೂ ಎಳೆದುಕೊಂಡು ಹೋಗುತ್ತಿತ್ತು. ಮೂಲೆಯಲ್ಲಿ ಒಂದು ಗಡಿಯಾರ ಇಳಿಯುತ್ತಿರುತ್ತದೆ. ಅದು ಮುಗಿದರೆ ಎದುರಿಗೆ ನಿಂತವುಗಳಲ್ಲಿ ಯಾರವಕ್ಕೆ ಹೆಚ್ಚು ಜೀವ ಉಳಿದಿದೆಯೋ ಅವರು ಗೆದ್ದಂತೆ, ಹೊರಗೆ ಕಾಯುವುದು ಲೆಕ್ಕಕ್ಕಿಲ್ಲ. ನಾನು ಒಮ್ಮೊಮ್ಮೆ ಬೇಸರವಾಗಿ ಎದ್ದು ಬರುತ್ತಿದ್ದೆ. ಕೋಣವನ್ನು ಅವಳು ಕೊನೆಯವರೆಗೆ ಹೊರಗೆ ಇಡುತ್ತಿದ್ದಳು. ಎಲ್ಲ ದಾರಿ ಚೊಕ್ಕಟವಾದ ಮೇಲೆ, ಅದಕ್ಕೆ ಏಟು ಬೀಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕರೆಯುತ್ತಿದ್ದಳು.

ಪಂದ್ಯದ ಭಾನುವಾರ ಅವಳ ಅಪ್ಪ ಬರಲಿಲ್ಲ. ನಾನು ಹೋದೆ. ಅಂಧೇರಿಯಲ್ಲಿ ಇಳಿದು ರಿಕ್ಷಾ ಹಿಡಿದು ಒಂದು ದೊಡ್ಡ ಹಾಲಿಗೆ ಹೋದೆವು. ಮದುವೆ ಹಾಲಿನಂತೆಯೇ ಇತ್ತು, ವಧು ವರ ಇಲ್ಲ, ಮೇಜುಗಳ ಸಾಲು. ಎಲ್ಲ ಕಾಲೇಜಿನ ಹುಡುಗರು, ಅಲ್ಲೊಂದು ಇಲ್ಲೊಂದು ಹುಡುಗಿ. ಟೀಚರ್ ಹತ್ತಿ ಸೀರೆ ಉಟ್ಟು ಬಂದಿದ್ದಳು. ಬಾಗಿಲಲ್ಲಿ ಇಬ್ಬರು ಹುಡುಗರು, “ಅರೆ, ಆಂಟಿ ಭೀ ಖೇಲೇಗಿ?” ಎಂದು, ಆಂಟಿಯೂ ಆಡುತ್ತಾಳಾ ಎಂದು, ನಕ್ಕರು. ಟೀಚರ್ ತಲೆ ತಗ್ಗಿಸಿದಳು. ನಾನು ನಿಂತೆ. “ಆಂಟಿ ಖೇಲೇಗಾ, ತುಮ್ ರೋಯೇಗಾ” ಎಂದೆ. ನನ್ನ ಹಿಂದಿ ಹೇಗಾದರೂ ಇರಲಿ, ಆಡುವವಳು ಆಂಟಿ, ಅಳುವವರು ನೀವು ಎಂದದ್ದು ಅವರಿಗೆ ಅರ್ಥವಾಯಿತು. ಅವರಲ್ಲಿ ಒಬ್ಬ ಮೂರನೆಯ ಆಟದಲ್ಲಿ ಇವಳಿಗೇ ಸಿಕ್ಕಿ ಸೋತ. ಅಳಲಿಲ್ಲ, ಆದರೆ ಎದ್ದು ಹೋಗುವಾಗ ನನ್ನ ಕಡೆ ನೋಡಲೂ ಇಲ್ಲ.

ಗೆಲ್ಲುತ್ತ ಬಂದಳು. ಮಧ್ಯಾಹ್ನ ಊಟ ಬೇಡ ಎಂದಳು, ನಾನು ತಂದಿದ್ದ ಅವಲಕ್ಕಿಯನ್ನು ಬಾಯಿಗೆ ತುರುಕಿದೆ. ಸಂಜೆಯಾಗುವಾಗ ಒಂದು ಆಟ ಉಳಿದಿತ್ತು. ಅದು ಗೆದ್ದರೆ ಎಂಟರೊಳಗೆ. ಎದುರಿಗೆ ಠಾಣೆಯ ಕಡೆಯ ಒಬ್ಬ ಹುಡುಗ, ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಆ ಆಟವನ್ನು ಗೋಡೆಯ ದೊಡ್ಡ ಪರದೆಯ ಮೇಲೆ ತೋರಿಸಿದರು, ನನಗೂ ಚೆನ್ನಾಗಿ ಕಂಡಿತು.

ಹುಡುಗ ಎರಡನ್ನು ಕಳಕೊಂಡ. ಇವಳ ಹಕ್ಕಿ ಹೋಯಿತು. ಅವನ ಹತ್ತಿರ ಉಳಿದದ್ದು ಕಬ್ಬಿಣದ ಆನೆಯಂಥದು ಒಂದು, ಹಾವಿನಂಥದು ಒಂದು. ಇವಳ ಏಡಿಯೂ ಸುವರ್ಣಗೆಡ್ಡೆಯೂ ಎದುರಿಗೆ ನಿಂತಿದ್ದವು. ಏಡಿಯ ಜೀವ ಅರ್ಧಕ್ಕೆ ಇಳಿದಿತ್ತು. ಹೊರಗೆ ಕೋಣ ಕಾಯುತ್ತಿತ್ತು, ಮೈಯಲ್ಲಿ ಒಂದು ಗೀರೂ ಇಲ್ಲದೆ. ಕಬ್ಬಿಣದ ಮೈ ಬೆಂಕಿಗೆ ಕರಗುತ್ತದೆ ಎಂದು ಅಷ್ಟು ಹೊತ್ತಿಗೆ ನನಗೂ ಗೊತ್ತಿತ್ತು. ಕೋಣವನ್ನು ಕರೆದು ಒಂದು ಏಟು ಹಾಕಿಸಿದರೆ ಆನೆ ಮುಗಿಯುತ್ತದೆ. ಆಮೇಲೆ ಹಾವು ಕೋಣವನ್ನು ಹೊಡೆದು ಬೀಳಿಸುತ್ತದೆ, ಬೀಳಿಸಲಿ. ಮಿಕ್ಕ ಒಂದು ಹಾವಿಗೆ ಏಡಿಯೂ ಗೆಡ್ಡೆಯೂ ಸಾಕು.

ಕರೆಯುತ್ತಾಳೆ ಎಂದು ನಾನು ಕಾದೆ. ಅವಳು ಏಡಿಯಿಂದಲೇ ಹೊಡೆಸಿದಳು. ಆನೆಗೆ ಏನೂ ಆಗಲಿಲ್ಲ. ಗೆಡ್ಡೆ ಏಟು ಎಳೆದುಕೊಂಡಿತು. ಮತ್ತೆ ಏಡಿ. ಮತ್ತೆ ಗೆಡ್ಡೆ. ಗಡಿಯಾರ ಇಳಿಯುತ್ತಿತ್ತು. ನಾನು ಕುರ್ಚಿಯ ಅಂಚಿಗೆ ಬಂದು, “ಕೋಣ! ಟೀಚರೇ, ಕೋಣ!” ಎಂದು ಕೂಗಿಯೇ ಬಿಟ್ಟೆ. ಕೊರಳಿಗೆ ಬಿಲ್ಲೆ ಹಾಕಿಕೊಂಡಿದ್ದ ಒಬ್ಬ ಬಂದು, “ಮಾಜೀ, ಪ್ಲೀಸ್” ಎಂದು ಕೈಮುಗಿದ. ಅವಳಿಗೆ ಕೇಳಿಸಿತ್ತು, ಕಿವಿ ಕೆಂಪಾದದ್ದು ನನಗೆ ಹಿಂದಿನಿಂದ ಕಂಡಿತು. ಆದರೆ ಬೆರಳು ಕೋಣದ ಹತ್ತಿರ ಹೋಗಿ ಹೋಗಿ ಹಿಂದೆ ಬರುತ್ತಿತ್ತು... ಗಡಿಯಾರ ಮುಗಿಯಿತು. ಲೆಕ್ಕ ಹಾಕಿದಾಗ ಹುಡುಗನ ಎರಡರಲ್ಲಿ ಹೆಚ್ಚು ಜೀವ ಇತ್ತು. ಕೋಣ ಆಡದೆ ಹೊರಗೇ ನಿಂತಿತ್ತು.

ಹುಡುಗ ಎದ್ದು ಬಂದು ಕೈ ಕೊಟ್ಟ. “ಬಹುತ್ ಟಫ್ ಟೀಮ್ ಹೈ ಆಪ್ಕಾ, ದೀದಿ,” ಎಂದ. ಆಂಟಿ ಎನ್ನಲಿಲ್ಲ.

ವಾಪಸು ಬರುವಾಗ ಲೋಕಲ್ಲಿನಲ್ಲಿ ಕೂರಲು ಜಾಗ ಸಿಕ್ಕಿತು. ನನಗೆ ತಡೆಯಲಿಕ್ಕಾಗಲಿಲ್ಲ.

“ಯಾಕೆ ಕರೆಯಲಿಲ್ಲ ಅದನ್ನು?”

“ಬಿದ್ದುಬಿಡ್ತಿತ್ತು ಅಜ್ಜಿ.”

“ಬಿದ್ರೆ ಬೀಳಲಿ. ನೀನು ಗೆಲ್ತಿದ್ದಿ.”

“ಗೊತ್ತು,” ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗಿದಳು. ಕೋಣದ ಪ್ರಾಣ ಹೋಗುವ ಮಾತು, ಅವಳಿಗೆ ಮನಸ್ಸು ಬರಲಿಲ್ಲವೇನೋ ಎಂದುಕೊಂಡು ನಾನು ಮುಂದೆ ಕೇಳಲಿಲ್ಲ. ನಾನು ಕೇಳದೆ ಬಿಟ್ಟ ಪ್ರಶ್ನೆಗಳು ಕಡಿಮೆ, ಅದು ಒಂದು.

ಅವಳ ಅಪ್ಪ ಬಾಗಿಲು ತೆರೆದು ಅವಳ ಮುಖ ನೋಡಿದರು. “ಕೈಕಾಲು ತೊಳ್ಕೊಂಡು ಬಾಮ್ಮ, ಬಿಸಿಬೇಳೆ ಭಾತ್ ಮಾಡಿದೀನಿ,” ಎಂದರು. ಅವಳು ಒಳಗೆ ಹೋದ ಮೇಲೆ ನಾನು ಅವರಿಗೆ ಹೇಳಿದೆ, “ಮನೆ ಮಾರಬೇಡಿ. ಒಂದು ಆಟಕ್ಕೆ ತಪ್ಪಿತು. ಅವಳು ನಮ್ಮ ಮನೆಯಲ್ಲಿ ಇರಲಿ ಬೇಕಾದ್ರೆ.” ಅವರು ಧ್ವನಿ ತಗ್ಗಿಸಿ, “ನಾನೂ ಅದೇ ಹೇಳೋಣ ಅಂತಿದ್ದೆ ಅಮ್ಮ. ನಾನು ತಮ್ಮನ ಹತ್ರ ಹೋಗ್ತೀನಿ, ಅವಳು ಇಲ್ಲೇ ಇರ್ಲಿ. ಗೆಲ್ಲಲಿ ಸೋಲಲಿ,” ಎಂದರು. ಹೇಳಿದರು ಕೂಡ. ಒಪ್ಪದವಳು ಟೀಚರೇ. “ನಿಮ್ಮ ಬಿಪಿ ಮಾತ್ರೆ ಯಾರು ನೆನಪು ಮಾಡ್ತಾರೆ? ಒಬ್ಬರೇ ಬಚ್ಚಲಲ್ಲಿ ಬಿದ್ರೆ? ನಾನು ಮಾತು ಕೊಟ್ಟಿದೀನಿ, ಬರ್ತೀನಿ,” ಎಂದಳು. ನಾನು ಬೈದೆ. ನಿನಗೆ ಇರುವುದು ಒಂದು ಜನ್ಮ, ಹೆಡ್ಡಿ ಎಂದೆ. ಅವಳು ನನ್ನ ಕೈಗೆ ಹೆಪ್ಪಿನ ಬಟ್ಟಲು ಕೊಟ್ಟು, “ಅಜ್ಜಿ, ನಾಳೆ ಬೈರಿ” ಎಂದಳು.

ಮಳೆಗಾಲ ಮುಗಿಯುವ ಮೊದಲು ಹೋದರು.

ಮೊದಮೊದಲು ಫೋನು ಬರುತ್ತಿತ್ತು. ಹೊಸ ಕಟ್ಟು ಮಾಡಿದೆಯಾ ಎಂದು ಕೇಳಿದರೆ, ಟೈಮ್ ಸಿಗೋದಿಲ್ಲ ಎನ್ನುತ್ತಿದ್ದಳು. ಆಮೇಲೆ ಹಬ್ಬಕ್ಕೆ ಮಾತ್ರ. ಕೆಲವು ವರ್ಷಗಳ ಮೇಲೆ ಅಪ್ಪ ತೀರಿಕೊಂಡರು. ಇವಳ ಕೈಯಲ್ಲೇ, ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಂಡೇ ಹೋದರು. ಆಗ ಒಮ್ಮೆ ಬಹಳ ಹೊತ್ತು ಮಾತಾಡಿದಳು. ಮುಂಬಯಿಗೆ ಬರುತ್ತೇನೆ, ಮಲಾಡಿನಲ್ಲೇ ಎಲ್ಲಾದರೂ ರೂಮು ನೋಡಿಡಿ ಎಂದಳು. ನೋಡಿಟ್ಟೆ. ಅವಳು ಬರಲಿಲ್ಲ. ಅವಳ ಚಿಕ್ಕಪ್ಪನ ಮಗನ ಫೋನು ಬಂತು. ಜ್ವರ ಇತ್ತು, ಆಸ್ಪತ್ರೆಗೆ ಸೇರಿಸಿದ್ದೆವು, ಡಾಕ್ಟರು ಹೀಗೆ ಹೇಳಿದರು, ಹಾಗೆ ಹೇಳಿದರು ಎಂದು ಆ ಮನುಷ್ಯ ಸುತ್ತಿ ಸುತ್ತಿ ಮಾತಾಡಿದ. “ಸತ್ತಳಾ?” ಎಂದು ನಾನೇ ಕೇಳಿದೆ. ಹೌದು ಎಂದ. ಫೋನು ಇಟ್ಟು ಅನ್ನಕ್ಕೆ ಇಟ್ಟೆ. ಅಷ್ಟೇ. ಅದರ ಬಗ್ಗೆ ಬರೆಯಲು ನನ್ನ ಹತ್ತಿರ ಬೇರೇನೂ ಇಲ್ಲ.

ಮಿಕ್ಸಿ ಬಿಸಿಯಾದ ದಿನ ಸಂಜೆ ಮೊಮ್ಮಗಳ ಪಕ್ಕದಲ್ಲಿ ಹೋಗಿ ಕೂತೆ. ಅವಳು ಈಗ ಕಾಲೇಜಿಗೆ ಹೋಗುತ್ತಾಳೆ, ಮೊಬೈಲಿನಲ್ಲಿ ಅದೇ ಜಾತಿಯ ಆಟ ಆಡುತ್ತಾಳೆ. ಅವಳ ಒಂದು ದೊಡ್ಡ ಕರಡಿ ನೋಡನೋಡುತ್ತಲೇ ಅಡ್ಡಬಿತ್ತು. ಅವಳು ಆಕಳಿಸುತ್ತ ಇನ್ನೊಂದನ್ನು ಕಳಿಸಿ ಗೆದ್ದಳು.

“ಪಾಪ, ಒಳ್ಳೆ ಕರಡಿ. ಸತ್ತುಹೋಯ್ತಲ್ಲ,” ಎಂದೆ.

“ಮರಾ ನಹೀ ಅಜ್ಜಿ, ಬೇಹೋಶ್ ಆಗೋದು, ಎಚ್ಚರ ತಪ್ಪೋದಷ್ಟೇ. ನೆಕ್ಸ್ಟ್ ಮ್ಯಾಚ್‌ನಲ್ಲಿ ಮತ್ತೆ ಫುಲ್ ಇರ್ತದೆ. ಸೇಮ್ ಅದೇ.”

“ಅದೇ? ಅಂಥದ್ದೇ ಇನ್ನೊಂದು ಅಲ್ವಾ?”

“ಅದೇ ಅಜ್ಜಿ! ನೋಡಿ.” ಮುಂದಿನ ಆಟ ಶುರು ಮಾಡಿದಳು. ಕರಡಿ ಎದ್ದು ನಿಂತು ಎದೆ ಬಡಿದುಕೊಳ್ಳುತ್ತಿತ್ತು.

ಅಷ್ಟು ಮಧ್ಯಾಹ್ನಗಳು ಆ ಮನೆಯಲ್ಲಿ ಕೂತು ನೋಡಿದ ನನಗೆ ಇದು ತಿಳಿದಿರಲಿಲ್ಲ. ಒಂದು ಸತ್ತರೆ ಅಂಥದ್ದೇ ಇನ್ನೊಂದನ್ನು ತರುತ್ತಾಳೆ, ಬಿಟ್ಟುಹೋದ ದೋಸೆ ಭಟ್ಟನ ಜಾಗಕ್ಕೆ ಹೋಟೆಲಿಗೆ ಇನ್ನೊಬ್ಬ ಬಂದ ಹಾಗೆ ಎಂದುಕೊಂಡಿದ್ದೆ. ಅದಕ್ಕೇ ಲೋಕಲ್ಲಿನಲ್ಲಿ ಬಾಯಿ ಮುಚ್ಚಿ ಕೂತದ್ದು. ಕೋಣ ಸಾಯುವುದೇ ಇಲ್ಲ. ಬಿದ್ದಿದ್ದರೆ ಅರ್ಧ ಗಂಟೆಯಲ್ಲಿ ಏಳುತ್ತಿತ್ತು. ಟೀಚರಿಗೆ ಅದು ನನ್ನ ಹಾಗೆ ತಿಳಿಯದೆ ಇದ್ದದ್ದಲ್ಲ. ಅಷ್ಟು ವರ್ಷ ಆಡಿದವಳಿಗೆ ಗೊತ್ತೇ ಇತ್ತು. ಗೊತ್ತಿದ್ದೂ ಸುಮ್ಮನೆ ಒಮ್ಮೆ ಬೀಳಲು ಬಿಡಲಿಲ್ಲ.

ಯಾಕೆ ಎಂದು ಕೇಳಬೇಕು. ಎದುರು ಮನೆಯಲ್ಲಿ ಈಗ ಗುಜರಾತಿನವರು ಇದ್ದಾರೆ. ಒಳ್ಳೆಯ ಜನ, ಬಾಗಿಲು ಹಾಕಿಕೊಂಡೇ ಇರುತ್ತಾರೆ.